ಒಂದೇ ಗೆರೆ

ಆಂಟಿ ತೀರಿಕೊಂಡ ಎರಡು ವಾರಕ್ಕೆ, ಸಿಂಗಪುರದ ಬಿಶಾನ್‌ನ ನಮ್ಮ ಬ್ಲಾಕಿನ ಹತ್ತಿರದ ಕಮ್ಯುನಿಟಿ ಕ್ಲಬ್ಬಿನ ಕೋಣೆಯೊಂದರಲ್ಲಿ ಅವರ ನೆನಪಿಗೆಂದು ಒಂದು ಸಭೆ ಸೇರಿತ್ತು. ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದನ್ನೇ ಹೇಳಿದರು. ಮೃದು ಹೃದಯ, ಕರುಣಾಮಯಿ, ಇರುವೆಗೂ ನೋವು ಮಾಡದ ಜೀವ. ಅದಕ್ಕೆ ಕೊಟ್ಟ ಸಾಕ್ಷಿಯೂ ಒಂದೇ: ಆರು ವರ್ಷದ ಹಿಂದೆ ಕಾಗೆ ಕುಕ್ಕಿ ಬಿಸಾಕಿದ್ದ ಕೋಳಿಮರಿಯನ್ನು ಮನೆಗೆ ತಂದು ಬದುಕಿಸಿದ್ದು.

ಸಾಕ್ಷಿ ನಿಜ. ತೀರ್ಮಾನ ತಪ್ಪು. ಆಂಟಿ ಮೃದುವಾಗಿರಲಿಲ್ಲ. ಅಮ್ಮ ಆಸೆಯಿಂದ ಬಿಸಿಬೇಳೆಬಾತ್ ಕೊಟ್ಟು "ಹೇಗಿದೆ?" ಎಂದರೆ, ಎರಡನೆಯ ಚಮಚ ಬಾಯಿಗೆ ಹೋಗುವ ತನಕ ಉತ್ತರ ಬರುತ್ತಿರಲಿಲ್ಲ, ಬಂದ ಉತ್ತರ "ಉಪ್ಪು ಮುಂದಾಗಿದೆ" ಎಂಬುದಾಗಿರುತ್ತಿತ್ತು. ಒಂದು ಯುಗಾದಿ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲಿದ್ದವರು "ಸಾವಿರಾರು ಕನ್ನಡಿಗರು ಸೇರಿದ್ದೀರಿ" ಎಂದಾಗ ಮುಂದಿನ ಸಾಲಿನಿಂದ ಆಂಟಿಯ ದನಿ ಕೇಳಿತು: "ಕುರ್ಚಿ ಮುನ್ನೂರೇ ಇರೋದು ಸರ್, ಹಿಂದೆ ಅರ್ಧ ಖಾಲಿ." ಇದು ಮೃದು ಹೃದಯದವರು ಆಡುವ ಮಾತಲ್ಲ.

ಆ ಸಭೆಯಲ್ಲಿ ನಾನೂ ಎರಡು ನಿಮಿಷ ಮಾತಾಡಿದೆ. ಹನ್ನೆರಡನೆಯ ವಯಸ್ಸಿನಿಂದ ಡಿಬೇಟ್ ಮಾಡಿದವಳು ನಾನು; ಎರಡು ನಿಮಿಷದಲ್ಲಿ ಒಂದು ಕೋಣೆಯ ಜನರ ಕಣ್ಣಲ್ಲಿ ನೀರು ತರಿಸುವುದು ನನಗೆ ಕಷ್ಟವಲ್ಲ. ತರಿಸಿದೆ. ಆದರೆ ಆ ಎರಡು ನಿಮಿಷದಲ್ಲಿ ಒಂದು ಮಾತು ಸುಳ್ಳು. ಅದನ್ನು ಸರಿಪಡಿಸಬೇಕಾಗಿದೆ. ಯಾಕೆ ಸರಿಪಡಿಸಬೇಕು, ಹೇಗೆ ಸರಿಪಡಿಸಬೇಕು ಎಂಬುದು ಅರ್ಥವಾಗಬೇಕಾದರೆ ಆಂಟಿ ಯಾರೆಂಬುದನ್ನು ಮೊದಲು ಹೇಳಬೇಕು.

ಅವರು ನಮ್ಮ ಎದುರು ಮನೆಯವರು. ಮೈಸೂರಿನವರು, ಮದುವೆಯಾಗಿರಲಿಲ್ಲ. ಜುರಾಂಗ್ ಐಲ್ಯಾಂಡಿನ ಒಂದು ರಾಸಾಯನಿಕ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ. ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಕೆಳಗೆ ಕಂಪನಿ ಬಸ್ಸು ಬಂದು ನಿಲ್ಲುತ್ತಿತ್ತು. ಆಂಟಿ ಅದಕ್ಕೆ ಐದು ನಿಮಿಷ ಮೊದಲೇ ಅಲ್ಲಿ ನಿಂತಿರುತ್ತಿದ್ದರು. ಅವರ ಕೆಲಸ ಕೇಳಿದರೆ ಬಹಳ ಸರಳ. ಕಾರ್ಖಾನೆಯ ಬೇರೆ ಬೇರೆ ಕಡೆಯಿಂದ ಬಾಟಲಿಗಳಲ್ಲಿ ಸ್ಯಾಂಪಲ್ ಬರುತ್ತದೆ. ಅಳೆಯಬೇಕು, ಬರೆಯಬೇಕು, ಸಹಿ ಹಾಕಬೇಕು. ಅಷ್ಟೇ.

"ಅಷ್ಟೇನಾ?" ಎಂದು ಒಮ್ಮೆ ಕೇಳಿದ್ದೆ.

"ಅಷ್ಟೇ. ನಾನು ಬರೆದಿರೋ ನಂಬರ್ ನೋಡ್ಕೊಂಡು ಇನ್ನೊಬ್ಬ ಎಲ್ಲೋ ವಾಲ್ವ್ ತಿರುಗಿಸ್ತಾನೆ ಕಣಮ್ಮ. ಅವನು ನನ್ನ ಮುಖ ನೋಡಿರಲ್ಲ, ನಾನು ಅವನ ಮುಖ ನೋಡಿರಲ್ಲ."

ಅವರ ಮನೆಯಲ್ಲಿ ಪೆನ್ಸಿಲ್ ಇರಲಿಲ್ಲ, ರಬ್ಬರ್ ಇರಲಿಲ್ಲ. ಎಲ್ಲವನ್ನೂ ಪೆನ್ನಿನಲ್ಲೇ ಬರೆಯುವುದು. ಬರೆದದ್ದು ತಪ್ಪಾದರೆ ಗೀಚಿಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ. ಕೆಳಗಿನದು ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಅದರ ಪಕ್ಕ ಸಣ್ಣ ಸಹಿ, ತಾರೀಖು. ಇದು ಲ್ಯಾಬಿನ ಶಿಸ್ತು. ಆಂಟಿ ಅದನ್ನು ದಿನಸಿ ಪಟ್ಟಿಗೂ ತಂದಿದ್ದರು. "ತೊಗರಿಬೇಳೆ ಒಂದು ಕೇಜಿ" ಎಂಬುದರ ಮೇಲೆ ಗೆರೆ, ಪಕ್ಕದಲ್ಲಿ "ಎರಡು", ಅದರ ಪಕ್ಕ ಸಹಿ.

"ಆಂಟಿ, ಬೇಳೆಗೂ ಆಡಿಟ್ ಬರತ್ತಾ?" ಎಂದು ಛೇಡಿಸುತ್ತಿದ್ದೆ.

"ಬರಲ್ಲ. ಕೈಗೆ ಎರಡೆರಡು ಅಭ್ಯಾಸ ಕಲಿಸಬಾರದು."

ನನ್ನ ಡಿಬೇಟ್ ಬಗ್ಗೆ ಅವರಿಗೆ ಕುತೂಹಲವಿತ್ತು, ಗೌರವವಿರಲಿಲ್ಲ. ಒಂದು ಸಲ ಕಪ್ ಗೆದ್ದು ಬಂದಾಗ ಲಿಫ್ಟಿನಲ್ಲಿ ಸಿಕ್ಕರು. ವಿಷಯ ಏನಿತ್ತು, ನೀನು ಯಾವ ಪಕ್ಷ ಎಂದು ಕೇಳಿದರು. ಪಕ್ಷವನ್ನು ನಾವು ಆರಿಸುವುದಿಲ್ಲ, ನಾಣ್ಯ ಚಿಮ್ಮಿ ಕೊಡುತ್ತಾರೆ, ಕೊಟ್ಟ ಪಕ್ಷವನ್ನು ಗೆಲ್ಲಿಸುವುದೇ ಆಟ ಎಂದು ವಿವರಿಸಿದೆ. ಆಂಟಿ ಕಪ್ಪನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು.

"ಸರಿ. ಅವ್ರು ಕೊಟ್ಟ ಸೈಡು ಅದು. ನಿನ್ನ ಸೈಡು ಯಾವ್ದು?"

ನಮ್ಮ ಮಹಡಿ ಬಂತು. ಬಾಗಿಲು ತೆರೆಯಿತು. ಹದಿನೇಳು ವರ್ಷದ ನನಗೆ ಅದು ಮೂರ್ಖ ಪ್ರಶ್ನೆ ಎನಿಸಿತ್ತು.

ಕೋಳಿಮರಿ ಬಂದದ್ದು ಅದೇ ವರ್ಷದ ಜೂನ್ ರಜೆಯಲ್ಲಿ. ನಮ್ಮ ಬ್ಲಾಕಿನ ಹಿಂದಿನ ಹುಲ್ಲಿನಲ್ಲಿ ಯಾರಿಗೂ ಸೇರದ ಕೋಳಿಗಳು ಓಡಾಡಿಕೊಂಡಿರುತ್ತವೆ. ಹೇಂಟೆಯೊಂದು ಮರಿಗಳನ್ನು ಕರೆದುಕೊಂಡು ಹೋಗುವಾಗ ಕಾಗೆ ಎರಗಿದೆ. ಆಂಟಿ ಅದನ್ನು ಕರ್ಚೀಫಿನಲ್ಲಿ ಎತ್ತಿಕೊಂಡು ಬ್ಲಾಕಿನ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್ಕಿಗೆ ಬಂದಾಗ ನಾನು ಅಲ್ಲೇ ಇದ್ದೆ. ಬೆನ್ನಿನ ಚರ್ಮ ಹರಿದು ಒಳಗಿನ ಕೆಂಪು ಕಾಣುತ್ತಿತ್ತು. ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಅಲ್ಲಿ ಕೂತು ಪೇಪರ್ ಓದುತ್ತಿದ್ದ ಚೀನೀ ಅಂಕಲ್ ಒಬ್ಬರು ಕನ್ನಡಕ ಎತ್ತಿ ನೋಡಿ, "ಆಂಟಿ, ಕೆನಾಟ್ ಲಾ. ದಿಸ್ ಒನ್ ಗೋಯಿಂಗ್ ಆಲ್ರೆಡಿ" ಎಂದರು.

ಇದು ಉಳಿಯುವುದಿಲ್ಲ, ನನ್ನ ಅಭಿಪ್ರಾಯವೂ ಅದೇ. ಆದರೆ ನಾನು ಅದನ್ನು ಅಷ್ಟಕ್ಕೇ ಬಿಡುವವಳಲ್ಲ. ಪಶುವೈದ್ಯರ ಕ್ಲಿನಿಕ್ಕಿಗೆ ಅವರ ಜೊತೆ ಹೋದೆ. ವೈದ್ಯೆ ನೋಡಿ, ಉಳಿಯುವುದು ಕಷ್ಟ, ಬೇಕಾದರೆ ನೋವಿಲ್ಲದಂತೆ ಇಂಜೆಕ್ಷನ್ ಕೊಡಬಹುದು ಎಂದರು. ಉಳಿಯುವ ಸಾಧ್ಯತೆ ಎಷ್ಟು ಎಂದು ಆಂಟಿ ಕೇಳಿದರು. ಹೇಳಲಾಗದು ಎಂದರು. ಆಂಟಿ ಗಾಯ ತೊಳೆಯುವುದನ್ನೂ ಕಾಲಿಗೆ ಪಟ್ಟಿ ಕಟ್ಟುವುದನ್ನೂ ಕೇಳಿ ಬರೆದುಕೊಂಡು ಹೊರಟರು.

ಬಸ್ ಸ್ಟಾಪಿನಲ್ಲಿ ನಾನು ಶುರುಮಾಡಿದೆ. ಇದು ಮರಿಗೆ ಮಾಡುವ ಉಪಕಾರವಲ್ಲ, ನಿಮ್ಮ ಸಮಾಧಾನಕ್ಕೆ ಅದರ ನೋವನ್ನು ಉದ್ದ ಮಾಡುತ್ತಿದ್ದೀರಿ ಎಂದೆ. ಎದುರಿಗೇ ತಿಂಡಿ ಅಂಗಡಿಗಳ ಹಾಕರ್ ಸೆಂಟರ್. ಅಲ್ಲಿನ ಚಿಕನ್ ರೈಸ್ ಅಂಗಡಿಯ ಗಾಜಿನ ಹಿಂದೆ ಬೆಂದ ಕೋಳಿಗಳು ಸಾಲಾಗಿ ನೇತಾಡುತ್ತಿದ್ದವು. ಅದನ್ನೂ ಬಿಡಲಿಲ್ಲ.

"ಅವಕ್ಕೇನು ಮಾಡ್ತೀರಾ ಆಂಟಿ? ಇದೊಂದಕ್ಕೆ ಯಾಕೆ ವಿಐಪಿ ಟ್ರೀಟ್‌ಮೆಂಟ್? ಲಾಜಿಕ್ ಹೇಳಿ."

"ಅವು ನನ್ನ ಬೆಂಚಿಗೆ ಬಂದಿಲ್ಲ. ಇದು ಬಂದಿದೆ. ಬಂದ ಸ್ಯಾಂಪಲ್ ನೋಡೋದು ನನ್ನ ಕೆಲ್ಸ."

"ಡಾಕ್ಟ್ರೇ ಇದು ಉಳಿಯಲ್ಲ ಅಂದ್ರಲ್ಲ!"

"ಹಾಗನ್ನಲಿಲ್ಲ. ಹೇಳೋಕಾಗಲ್ಲ ಅಂದ್ರು. 'ಗೊತ್ತಿಲ್ಲ' ಅನ್ನೋದನ್ನ 'ಇಲ್ಲ' ಅಂತ ಓದಬಾರದು ಕಣಮ್ಮ."

ಬಸ್ಸು ಬಂತು. ವಾದದಲ್ಲಿ ನಾನು ಗೆದ್ದೆನೆಂದೇ ಅಂದುಕೊಂಡೆ. ಅವರು ಮರಿಯನ್ನು ಕರ್ಚೀಫಿನ ಮೇಲೆ ಕೈ ಬೋಗುಣಿ ಮಾಡಿ ಹಿಡಿದುಕೊಂಡು ಕೂತರು, ಅಷ್ಟೇ.

ಶೂ ಡಬ್ಬಿ, ಅದರಲ್ಲಿ ಹಳೆಯ ಕಾಟನ್ ಸೀರೆಯ ತುಂಡು. ಮನೆಯಲ್ಲಿರುವುದೆಲ್ಲ ಎಲ್ಇಡಿ ಬಲ್ಬು, ಶಾಖ ಕೊಡುವುದಿಲ್ಲ; ಹಾಗಾಗಿ ಸ್ಟೀಲ್ ಡಬ್ಬಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮರಿಯ ಪಕ್ಕ ಇಟ್ಟರು. ಆರಿದ ಹಾಗೆಲ್ಲ ನೀರು ಬದಲಾಯಿಸಬೇಕು. ಕುದಿಸಿ ಆರಿಸಿದ ಉಪ್ಪು ನೀರಿನಲ್ಲಿ ಗಾಯ ತೊಳೆದರು. ಕುಡಿಯುವ ಸ್ಟ್ರಾ ಸೀಳಿ ಕಾಲಿಗೆ ಆಸರೆ ಕೊಟ್ಟು ಪೇಪರ್ ಟೇಪು ಸುತ್ತಿದರು. ಕೊಕ್ಕಿನ ಅಂಚಿಗೆ ಡ್ರಾಪರಿನಿಂದ ಒಂದೊಂದೇ ಹನಿ: ಬಾಯೊಳಗೆ ಬಿಡಬಾರದು, ಉಸಿರಿನ ನಾಳಕ್ಕೆ ಹೋಗುತ್ತದೆ. ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಆಹಾರ, ಎರಡು ಗಂಟೆಗೊಮ್ಮೆ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ತೂಕ. ದಿನದ ಕೊನೆಯ ತೂಕ ಮೂರು ಗಂಟೆಯದು; ಆಮೇಲೆ ಮರುದಿನ ಬೆಳಿಗ್ಗೆಯ ತನಕ ಮರಿಯನ್ನು ತಕ್ಕಡಿಗೆ ಎತ್ತುತ್ತಿರಲಿಲ್ಲ. ಎಲ್ಲವೂ ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ, ಸಹಿಯೊಂದಿಗೆ. ಬಂದ ದಿನ ಮೂವತ್ತೆಂಟು ಗ್ರಾಂ.

ಆಹಾರದಲ್ಲೇ ತೊಡಕು. ರಾಗಿ ಗಂಜಿಯ ಜೊತೆ ಬೇಯಿಸಿದ ಮೊಟ್ಟೆಯ ಹಳದಿ ಕೊಡಬೇಕೆಂದು ವೈದ್ಯೆ ಹೇಳಿದ್ದರು. ಆಂಟಿಯ ಅಡುಗೆಮನೆಗೆ ಮೊಟ್ಟೆ ಬಂದದ್ದೇ ಇಲ್ಲ. ಅವರು ಅದನ್ನು ಯಾರ ಮೇಲೂ ಹೇರಿದವರಲ್ಲ, ಆದರೆ ತಮ್ಮ ಒಲೆಯ ಮಟ್ಟಿಗೆ ಅದು ಮುಗಿದ ಮಾತು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುತ್ತೇವೆ. ಹೀಗಾಗಿ ಮೊಟ್ಟೆ ನಮ್ಮಲ್ಲಿ ಬೇಯಬೇಕು, ಹಳದಿ ಮಾತ್ರ ಪುಟ್ಟ ಬಟ್ಟಲಿನಲ್ಲಿ ಕಾರಿಡಾರ್ ದಾಟಿ, ವಾಷಿಂಗ್ ಮಷೀನಿನ ಪಕ್ಕದಲ್ಲಿದ್ದ ಶೂ ಡಬ್ಬಿಗೆ ನೇರ ಹೋಗಬೇಕು ಎಂದು ಒಪ್ಪಂದವಾಯಿತು. ವಿರೋಧ ಪಕ್ಷದವಳಾದ ನಾನೇ ಮೊಟ್ಟೆ ಸಾಗಿಸುವವಳಾದೆ.

"ಕೋಳಿಮರಿಗೆ ಕೋಳಿಮೊಟ್ಟೆ. ಇದನ್ನ ಏನಂತಾರೆ ಗೊತ್ತಾ ಆಂಟಿ?"

"ತಿಂಡಿ ಅಂತಾರೆ. ಚಿಪ್ಪಿನೊಳಗಿದ್ದಾಗ ಅದು ತಿಂದಿದ್ದೂ ಅದನ್ನೇ. ಬಟ್ಟಲು ಕೊಡು ಇಲ್ಲಿ."

ಮೂರನೆಯ ದಿನಕ್ಕೆ ತೂಕ ಮೂವತ್ತೈದಕ್ಕೆ ಇಳಿಯಿತು. ಐದನೆಯ ದಿನ ಬೆಳಿಗ್ಗೆ ಮೂವತ್ತಾರು. ಆ ಒಂದು ಗ್ರಾಮನ್ನು ಆಂಟಿ ಮೂರು ಸಲ ತೂಗಿ ನೋಡಿದರು.

ಅದೇ ದಿನ ಅವರು ಕಾರ್ಖಾನೆಗೆ ಹೋಗಲೇಬೇಕಾಗಿತ್ತು. ನಿವೃತ್ತಿಗೆ ಮೊದಲಿನ ರಜೆಯಲ್ಲಿದ್ದರು. ಅದು ಕೊನೆಯ ದಿನ, ಪಾಸ್ ಹಿಂತಿರುಗಿಸಿ, ಸಹಿ ಹಾಕಿ, ಬೀಳ್ಕೊಡುಗೆ ಮುಗಿಸಿ ಬರಬೇಕು. ಹತ್ತು ಗಂಟೆಗೆ ನೋಟ್‌ಬುಕ್ಕನ್ನೂ ಮನೆಯ ಬೀಗದ ಕೈಯನ್ನೂ ನನಗೆ ಕೊಟ್ಟರು. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಆಹಾರ ಮತ್ತು ತೂಕ. ಡಬ್ಬಿಯ ನೀರು ಬದಲಾಯಿಸುವುದು.

ಹನ್ನೊಂದರದ್ದು ಮಾಡಿದೆ. ಮೂವತ್ತಾರು, ಸಹಿ. ಆಮೇಲೆ ಆನ್‌ಲೈನಿನಲ್ಲಿ ಡಿಬೇಟ್ ತಂಡದ ಅಭ್ಯಾಸ ಶುರುವಾಯಿತು. ಮುಂದಿನ ವಾರ ಪಂದ್ಯ. ನನ್ನ ಸರದಿ, ಎದುರಾಳಿಯ ಸರದಿ, ಮತ್ತೆ ನನ್ನ ಸರದಿ. ಹೆಡ್‌ಫೋನ್ ತೆಗೆದಾಗ ಗಂಟೆ ನಾಲ್ಕೂವರೆ.

ಎದುರು ಮನೆಗೆ ಓಡಿದೆ. ಮರಿ ಕಣ್ಣು ಬಿಟ್ಟುಕೊಂಡೇ ಇತ್ತು. ಗಂಜಿ ಹಾಕಿದೆ, ಎರಡು ಹನಿ ನುಂಗಿತು. ಪರವಾಗಿಲ್ಲ ಅನ್ನಿಸಿತು. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಖಾಲಿ. ಒಂದು ಗಂಟೆ: ಮೂವತ್ತೇಳು. ಮೂರು ಗಂಟೆ: ಮೂವತ್ತೆಂಟು. ಸಹಿ, ಸಹಿ. ಒಂದೊಂದೇ ಗ್ರಾಂ ಏರಿಸಿದೆ, ಹೆಚ್ಚು ಏರಿಸಿದರೆ ಅನುಮಾನ ಬರುತ್ತದೆ. ನಂಬುವಂತೆ ಹೇಳುವುದು ಹೇಗೆಂದು ನನಗೆ ತರಬೇತಿ ಇತ್ತಲ್ಲ.

ಐದೂವರೆಗೆ ಆಂಟಿ ಬಂದರು. ಕೈಯಲ್ಲಿ ಹೂಗುಚ್ಛ, ಒಂದು ಗೋಡೆ ಗಡಿಯಾರದ ಡಬ್ಬ. ಎರಡನ್ನೂ ನೆಲದ ಮೇಲಿಟ್ಟು ಮೊದಲು ನೋಟ್‌ಬುಕ್ ತೆಗೆದರು. ಓದುತ್ತ ಓದುತ್ತ ಅವರ ಮುಖ ಬದಲಾಯಿತು. ಇಪ್ಪತ್ತೆಂಟು ವರ್ಷದ ಕೆಲಸ ಮುಗಿಸಿ ಬಂದ ಹೆಂಗಸು ಬಾಗಿಲಲ್ಲೇ ನಿಂತು ನಮ್ಮಮ್ಮನನ್ನು ಕೂಗಿದರು: "ನೋಡ್ರೀ, ಬಂದಾಗ ಎಷ್ಟಿತ್ತೋ ಅಷ್ಟಾಯ್ತು! ನಿಮ್ಮ ಮಗಳ ಕೈಗುಣ!" ಅವರು ಗಟ್ಟಿಯಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗಲೇ ಹೇಳಬಹುದಾಗಿತ್ತು. ಆ ನಗುವಿನ ಮುಂದೆ ಹೇಳದೆ, ಹೂಗುಚ್ಛವನ್ನು ಎತ್ತಿ ಮೇಜಿನ ಮೇಲಿಟ್ಟೆ.

"ಇವತ್ತಿಂದ ಮಲಗೋವಾಗ ಬಿಸಿನೀರಿನ ಡಬ್ಬಿ ಬೇಡ," ಎಂದರು ಆಂಟಿ. "ಮೈ ತುಂಬ್ಕೊಳ್ತಾ ಇದೆ. ತನ್ನ ಶಾಖ ತಾನೇ ಮಾಡ್ಕೊಳ್ಳತ್ತೆ."

ಮರುದಿನ ಏಳು ಗಂಟೆಗೆ ನಮ್ಮ ಬೆಲ್ ಬಾರಿಸಿತು. ಆಂಟಿ ಅಂಗೈಯಲ್ಲಿ ಮರಿಯನ್ನು ಹಿಡಿದು ನಿಂತಿದ್ದರು. ಅದರ ಕತ್ತು ಒಂದು ಪಕ್ಕಕ್ಕೆ ಜೋತಿತ್ತು. ಕಣ್ಣು ಮುಚ್ಚಿತ್ತು. ಮುಟ್ಟಿದರೆ ತಣ್ಣಗೆ.

"ಮೂವತ್ಮೂರು," ಎಂದರು. "ತಕ್ಕಡಿ ಕೆಟ್ಟಿರಬೇಕು. ಒಂದು ನಿಮಿಷ ಬಾ."

ಮರಿಯನ್ನು ಬಿಸಿ ಡಬ್ಬಿಯ ಪಕ್ಕ ಮಲಗಿಸಿ, ಖಾಲಿ ಅಳತೆ ಲೋಟವಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ಅದೇ ಲೋಟದಲ್ಲಿ ನೂರು ಎಂಎಲ್ ನೀರು ಹಿಡಿದು ಇಟ್ಟರು. ನೂರು ತೋರಿಸಿತು. ಚೆಲ್ಲಿ, ಮತ್ತೆ ಹಿಡಿದು ಇಟ್ಟರು. ನೂರು. "ತಕ್ಕಡಿ ಸರಿ ಇದೆ," ಎಂದು ತಮಗೇ ಹೇಳಿಕೊಂಡರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, "ಹಾಗಾದ್ರೆ ನಾನು ಓದಿದ್ದೇ ತಪ್ಪು. ಮೊನ್ನೆಯಿಂದ ತಪ್ಪು ಓದ್ತಿದೀನೇನೋ. ವಯಸ್ಸಾಯ್ತು" ಎಂದರು.

ಯಂತ್ರವನ್ನು ಅನುಮಾನಿಸಿದರು. ತಮ್ಮ ಕಣ್ಣನ್ನು ಅನುಮಾನಿಸಿದರು. ನನ್ನ ಎರಡು ಸಾಲುಗಳ ಹತ್ತಿರ ಅವರ ಅನುಮಾನ ಸುಳಿಯಲೇ ಇಲ್ಲ, ಯಾಕೆಂದರೆ ಅಲ್ಲಿ ಸಹಿ ಇತ್ತು.

"ನಾನು ನೋಡ್ಲಿಲ್ಲ ಆಂಟಿ," ಎಂದೆ. "ಒಂದಕ್ಕೂ ನೋಡ್ಲಿಲ್ಲ, ಮೂರಕ್ಕೂ ನೋಡ್ಲಿಲ್ಲ. ಸುಮ್ನೆ ಬರೆದೆ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ವಾದಿಸುತ್ತಿದ್ದೆ, ಖಂಡಿತ. ನನ್ನ ಕಡೆ ನೋಡದೆ, "ಮೊಟ್ಟೆ ಇದ್ಯಾ?" ಎಂದರು.

"ಬೇಯಿಸಿ ತರ್ತೀನಿ, ಹತ್ತು ನಿಮಿಷ..."

"ಬೇಡ. ಹಾಗೇ ತಾ."

ಹಸಿ ಮೊಟ್ಟೆಯನ್ನು ತಂದು ಕೊಟ್ಟೆ. ಆಂಟಿ ತಮ್ಮ ಹಾಲಿನ ಪಾತ್ರೆಗೆ ನೀರು ಹಾಕಿ, ತಮ್ಮ ಒಲೆಯ ಮೇಲೆ ಇಟ್ಟು, ಮೊಟ್ಟೆಯನ್ನು ಅದರಲ್ಲಿ ಬಿಟ್ಟರು. ಒಲೆಯ ಮೇಲಿನ ಗೂಡಿನಲ್ಲಿ ಅವರ ದೇವರ ಪಟ ಇತ್ತು. ನೀರು ಕುದಿಯುವ ತನಕ ಮರಿಯನ್ನು ಎದೆಗೆ ಒತ್ತಿಕೊಂಡು ಒಲೆಯ ಮುಂದೆಯೇ ನಿಂತಿದ್ದರು. ಬಾಗಿಲಿಗೆ ಬಂದ ಅಮ್ಮ ಒಲೆಯನ್ನೂ ಪಾತ್ರೆಯನ್ನೂ ನೋಡಿ ವಾಪಸು ಹೋದಳು. ನನ್ನ ತಲೆಯಲ್ಲಿ ಆಗ ಒಂದೇ ಒಂದು ವಾದವೂ ಇರಲಿಲ್ಲ. ಬದುಕಲಿ ಎಂಬುದೊಂದೇ ಇತ್ತು. ಯಾರೂ ನಾಣ್ಯ ಚಿಮ್ಮಿ ಕೊಟ್ಟ ಪಕ್ಷವಲ್ಲ ಅದು.

ಕೊಕ್ಕಿನ ಅಂಚಿಗೆ ಒಂದು ಹನಿ. ಜಾರಿಹೋಯಿತು. ಇನ್ನೊಂದು. ಅದೂ ಜಾರಿತು. ಒಂಬತ್ತರ ಸುಮಾರಿಗೆ ಗಂಟಲು ಒಮ್ಮೆ ಅಲುಗಿತು. ಹನ್ನೊಂದಕ್ಕೆ ಒಂದು ಕಣ್ಣು ಅರ್ಧ ತೆರೆಯಿತು. ಮಧ್ಯಾಹ್ನದ ಹೊತ್ತಿಗೆ ಕತ್ತನ್ನು ತಾನೇ ಎತ್ತಿ ಹಿಡಿಯಿತು, ತೂಕ ಮೂವತ್ನಾಲ್ಕು.

ಆಗ ಆಂಟಿ ನೋಟ್‌ಬುಕ್ ತಂದು ನನ್ನ ಮುಂದಿಟ್ಟು ಪೆನ್ನು ಕೊಟ್ಟರು.

"ಗೆರೆ ಹೊಡಿ."

ನಾನು ಆ ಎರಡು ಸಾಲುಗಳನ್ನು ಕಾಣದಂತೆ ಗೀಚಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಒಂದೇ ಗೆರೆ. ಕೆಳಗಿಂದು ಕಾಣಬೇಕು."

"ಯಾಕೆ ಆಂಟಿ? ಎಲ್ರೂ ನೋಡ್ಲಿ ಅಂತಾನಾ?" ಎಂದೆ.

"ನಿನ್ನ ಮಾನ ಕಳೆಯೋಕಲ್ಲ ಕಣಮ್ಮ. ನಾನ್ಯಾಕೆ ಡಬ್ಬಿ ತೆಗೆದೆ ಅಂತ ಇದನ್ನ ಓದೋರಿಗೆ ತಿಳೀಬೇಕಲ್ಲ? ಆ ಮೂವತ್ತೆಂಟು ಕಾಣದೇ ಹೋದ್ರೆ ನಾನು ಮಾಡಿದ್ದು ಹುಚ್ಚುತನ ಆಗತ್ತೆ."

ಗೆರೆ ಎಳೆದೆ. ಪಕ್ಕದಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ನೀನು ಹೇಳಿದ್ಯಲ್ಲ, ಅದನ್ನೇ. ನೋಡಲಿಲ್ಲ. ನಿನ್ನೆಯೇ ಹಾಗೆ ಬರೆದಿದ್ರೆ ನಾನು ಡಬ್ಬಿ ಇಟ್ಟಿರ್ತಿದ್ದೆ. 'ನೋಡಲಿಲ್ಲ' ಅನ್ನೋದೂ ಒಂದು ರೀಡಿಂಗೇ."

ಎರಡು ಸಲ ಬರೆದೆ. ನೋಡಲಿಲ್ಲ. ನೋಡಲಿಲ್ಲ. ಪಕ್ಕದಲ್ಲಿ ಸಹಿ ಹಾಕಿದೆ. ಅಷ್ಟು ವರ್ಷ ಎಷ್ಟೆಲ್ಲ ಮಾತಾಡಿದ್ದೆ, ಯಾವುದಕ್ಕೂ ಸಹಿ ಹಾಕಿರಲಿಲ್ಲ. ಆಂಟಿ ನೋಟ್‌ಬುಕ್ ಮುಚ್ಚಿ, ಬೀಗದ ಕೈಯನ್ನು ಮತ್ತೆ ನನ್ನ ಅಂಗೈಯಲ್ಲಿಟ್ಟರು. "ಮೂರಕ್ಕೆ ನಿಂದು," ಎಂದರು.

ಮೂರು ವಾರಕ್ಕೆ ಕಾಲಿನ ಟೇಪು ಬಿಚ್ಚಿದೆವು. ಕಾಲು ಸ್ವಲ್ಪ ಹೊರಕ್ಕೆ ತಿರುಗಿಕೊಂಡೇ ಕೂಡಿತ್ತು. ನಡೆದರೆ ಪ್ರತಿ ಹೆಜ್ಜೆಗೂ ಬಾಗಿದಂತಾಗುತ್ತಿತ್ತು. ಎರಡು ತಿಂಗಳಿಗೆ ಗರಿ ಬಂದು ಪೂರ್ತಿ ಹೇಂಟೆಯ ರೂಪ ಬಂದಾಗ, ಬೆಳಿಗ್ಗೆ ಬ್ಲಾಕಿನ ಹಿಂದಿನ ಹುಲ್ಲಿಗೆ ಒಯ್ದು ಬಿಟ್ಟೆವು. ಅದು ಬಾಗಿಬಾಗಿ ನಡೆದು ಗಿಡಗಳ ಮರೆಗೆ ಹೋಯಿತು.

"ಹಿಂತಿರುಗಿ ನೋಡದೆ ಹೋಯ್ತು ಅಂತ ಬರೀಲಾ?" ಎಂದೆ.

"ಅದರ ಮುಖ ಕಂಡ್ಯಾ?"

"ಇಲ್ಲ, ಗಿಡ ಅಡ್ಡ ಇತ್ತು."

"ಹಾಗಾದ್ರೆ ಬರೀಬೇಡ. ಗಿಡದ ತನಕ ನಡೀತು ಅಂತ ಬರಿ."

ಇದು ಕರುಣೆಯೇ ಇರಬಹುದು, ನಾನು ಅಲ್ಲವೆನ್ನುತ್ತಿಲ್ಲ. ಆದರೆ ಅದನ್ನು ಮೃದು ಎಂದರೆ ಆಂಟಿ ಮುಂದಿನ ಸಾಲಿನಿಂದ ತಿದ್ದುತ್ತಿದ್ದರು. ಕಣ್ಣೀರು ಸುಲಭ. ಎರಡು ಗಂಟೆಗೊಮ್ಮೆ ನೋಡುವುದು, ನೋಡಿದಷ್ಟನ್ನೇ ಬರೆಯುವುದು, ಬೇರೆಯವರ ಸಹಿಯನ್ನು ನಂಬುವುದು ಸುಲಭವಲ್ಲ.

ಆಮೇಲೆ ನಾನು ಯೂನಿವರ್ಸಿಟಿ ಹಾಸ್ಟೆಲಿಗೆ ಹೋದೆ. ಆಮೇಲೆ ಊರಿನ ಇನ್ನೊಂದು ಕಡೆಯ ಒನ್-ನಾರ್ತ್‌ನಲ್ಲಿ ಕೆಲಸ, ಅದರ ಹತ್ತಿರವೇ ಬಾಡಿಗೆ ಕೋಣೆ. ಬಿಶಾನಿಗೆ ಬಂದಾಗ ಎದುರು ಬಾಗಿಲು ತಟ್ಟುವುದು ಕಡಿಮೆಯಾಯಿತು. ಹೋದ ವರ್ಷ ಆಂಟಿಗೆ ಕಾಯಿಲೆ ಎಂದು ಅಮ್ಮ ಹೇಳಿದಳು. ಕೊನೆಯ ತಿಂಗಳು ಆಸ್ಪತ್ರೆಯಿಂದ ಆಂಟಿಯೇ ಎರಡು ಮೆಸೇಜ್ ಕಳಿಸಿದ್ದರು. ಮೊದಲನೆಯದು, ಬಿಡುವಾದಾಗ ಬಾ ಎಂದು. ಈ ವೀಕೆಂಡ್ ಖಂಡಿತ ಎಂದು ಉತ್ತರಿಸಿದೆ. ಎರಡನೆಯದರಲ್ಲಿ ವಾರ್ಡ್ ನಂಬರ್, ಹಾಸಿಗೆ ನಂಬರ್, ನೋಡಲು ಬಿಡುವ ಸಮಯ, ಅಷ್ಟೇ ಇತ್ತು.

ಆ ಶನಿವಾರ ಹೋದೆ. ಆಸ್ಪತ್ರೆಯ ಕೆಳಗಿನ ಲಿಫ್ಟ್ ಲಾಬಿಯವರೆಗೆ ಹೋದೆ. ತೆಳ್ಳಗಾಗಿ ಹೋಗಿದ್ದಾರೆ, ಗುರುತೇ ಸಿಗುವುದಿಲ್ಲ ಎಂದು ಅಮ್ಮ ಹೇಳಿದ್ದಳು. ಇವತ್ತು ಸುಸ್ತಾಗಿರುತ್ತಾರೆ, ತೊಂದರೆ ಕೊಡಬಾರದು, ಬರುವ ವಾರ ಬರೋಣ ಎಂದು ನನಗೆ ನಾನೇ ವಾದಿಸಿದೆ. ಒಳ್ಳೆಯ ವಾದ. ಗೆದ್ದು, ಹೊರಗೆ ಬಂದು ಎಂಆರ್‌ಟಿ ರೈಲು ಹತ್ತಿದೆ. ಬುಧವಾರ ಆಂಟಿ ಹೋದರು.

ಸಭೆಯಲ್ಲಿ ನಾನು ಹೇಳಿದ್ದು ಇದು: "ಕೊನೆಯ ಶನಿವಾರ ಆಂಟಿ ನನ್ನ ಕೈ ಹಿಡ್ಕೊಂಡು, ಈಗ ನಿನ್ನ ಸೈಡು ಯಾವ್ದು ಅಂತ ಕೇಳಿದ್ರು." ಕೋಣೆಯಲ್ಲಿ ಯಾರೋ ಬಿಕ್ಕಿದರು. ಮೈಸೂರಿನಿಂದ ಬಂದಿದ್ದ ಆಂಟಿಯ ತಮ್ಮ ಎದ್ದು ಬಂದು ನನ್ನ ಎರಡೂ ಕೈ ಹಿಡಿದು, "ನೀನಾದ್ರೂ ಜೊತೆಗಿದ್ಯಲ್ಲಮ್ಮ, ಅಷ್ಟು ಸಾಕು ನಂಗೆ" ಎಂದರು. ಅವರು ಆ ನೆಮ್ಮದಿಯನ್ನು ಇಟ್ಟುಕೊಂಡೇ ಊರಿಗೆ ಹೋಗಿದ್ದಾರೆ. ಈ ಬರಹವನ್ನು ಮೊದಲು ಅವರಿಗೇ ಕಳಿಸುತ್ತೇನೆ.

ಆಂಟಿಯ ನೋಟ್‌ಬುಕ್ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಮೇಲಿನ ಆ ಮಾತಿನ ಮೇಲೆ ಒಂದು ಗೆರೆ, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು:

ಶನಿವಾರ, ಸಂಜೆ ಐದು ಗಂಟೆ. ಲಿಫ್ಟಿನ ತನಕ ಹೋದೆ. ನೋಡಲಿಲ್ಲ.